ಸೋಂಕುರೋಗ ತಜ್ಞರಾಗುವುದು ಹೇಗೆ: ಪಿಯುಸಿಯಿಂದ ಮೊದಲ ಕೆಲಸದವರೆಗಿನ ದಾರಿ

ಕೋವಿಡ್ ನಂತರದ ವರ್ಷಗಳಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಂದಲೂ, ಅವರಿಗಿಂತ ಹೆಚ್ಚಾಗಿ ಅವರ ತಂದೆತಾಯಿಯರಿಂದಲೂ ಪದೇ ಪದೇ ಬರುತ್ತಿರುವ ಪ್ರಶ್ನೆಗಳು ಮೂರು. ಸೋಂಕುರೋಗ ತಜ್ಞರಾಗಲು ಏನು ಓದಬೇಕು? ಎಷ್ಟು ವರ್ಷ ಹಿಡಿಯುತ್ತದೆ? ಓದಿ ಮುಗಿಸಿದ ಮೇಲೆ ಕೆಲಸವಿದೆಯೇ? ಒಬ್ಬೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಹಂತಹಂತವಾಗಿ ಇಲ್ಲಿ ವಿವರಿಸಲಾಗಿದೆ. ಪಿಯುಸಿಯಲ್ಲಿರುವವರು ಮೊದಲಿನಿಂದ ಓದಬಹುದು. ಎಂಡಿ ಮಾಡುತ್ತಿರುವವರು ಮೂರನೆಯ ಹಂತದಿಂದ ಆರಂಭಿಸಿದರೆ ನಷ್ಟವೇನಿಲ್ಲ.

ಮೊದಲಿಗೆ ಈ ತಜ್ಞರ ಕೆಲಸದ ಸ್ವರೂಪ ತಿಳಿದಿರಲಿ. ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರ ಹಾಗೂ ಪರಾವಲಂಬಿ ಜೀವಿಗಳಿಂದ ಬರುವ ಕಾಯಿಲೆಗಳನ್ನು ಪತ್ತೆ ಹಚ್ಚಿ ಚಿಕಿತ್ಸೆ ನೀಡುವ ವೈದ್ಯರಿಗೆ ಸೋಂಕುರೋಗ ತಜ್ಞರೆನ್ನುತ್ತೇವೆ. ಇವರು ಶಸ್ತ್ರಚಿಕಿತ್ಸೆ ಮಾಡುವುದಿಲ್ಲ, ಸ್ಟೆಂಟ್ ಹಾಕುವುದಿಲ್ಲ, ಎಂಡೋಸ್ಕೋಪಿ ಮಾಡುವುದಿಲ್ಲ. ಇವರ ದಿನದ ಹೆಚ್ಚಿನ ಭಾಗ ಬೇರೆ ವಿಭಾಗಗಳ ವೈದ್ಯರು ಕಳುಹಿಸುವ ಕರೆಗಳಿಗೆ ಓಗೊಡುವುದರಲ್ಲಿ ಕಳೆಯುತ್ತದೆ: ಕಾರಣ ತಿಳಿಯದ ಜ್ವರ, ಐಸಿಯುವಿನಲ್ಲಿ ಯಾವ ಔಷಧಿಗೂ ಬಗ್ಗದ ಬ್ಯಾಕ್ಟೀರಿಯಾ, ಮೂತ್ರಪಿಂಡ ಕಸಿಯಾದವರಿಗೆ ತಗಲಿದ ಸೋಂಕು, ಕೀವು ಕಟ್ಟಿದ ಕೃತಕ ಮಂಡಿ, ಹೃದಯದ ಕವಾಟದ ಸೋಂಕು, ಎಚ್‌ಐವಿ, ಸಾಮಾನ್ಯ ಔಷಧಿಗೆ ಮಣಿಯದ ಕ್ಷಯ. ರೋಗಿಗೆ ಕೇಳುವ ಪ್ರಶ್ನೆಗಳು, ಪ್ರಯೋಗಾಲಯದ ವರದಿಯನ್ನು ಓದುವ ಬಗೆ, ಬೇಡದ ಔಷಧಿಯನ್ನು ನಿಲ್ಲಿಸಿ ಎಂದು ಹಿರಿಯ ಸಹೋದ್ಯೋಗಿಗೂ ವಿನಯದಿಂದ ಹೇಳುವ ಗಟ್ಟಿತನ, ಇವು ಮೂರೇ ಈ ವೃತ್ತಿಯ ಬಂಡವಾಳ. ನಿಮ್ಮ ಸ್ವಭಾವಕ್ಕೆ ಇದು ಒಗ್ಗುವುದಿಲ್ಲವೆನಿಸಿದರೆ ಈಗಲೇ ಬೇರೆ ವಿಭಾಗವನ್ನು ಯೋಚಿಸುವುದು ಒಳಿತು.

ಏನೇನು ಬೇಕು

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5 ವರ್ಷ 6 ತಿಂಗಳು, ಎಂಡಿಗೆ 3 ವರ್ಷ, ಅದರ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿಯಾದ ಡಿಎಂಗೆ ಮತ್ತೆ 3 ವರ್ಷ. ಹೀಗೆ ಪಿಯುಸಿ ಮುಗಿದ ಮೇಲೆ ಕನಿಷ್ಠ 11 ವರ್ಷ 6 ತಿಂಗಳು. ಪ್ರವೇಶ ಪರೀಕ್ಷೆಗಳ ನಡುವೆ ಹೋಗುವ ಕಾಲವನ್ನೂ ಸರ್ಕಾರಿ ಆಸ್ಪತ್ರೆಯ ಕಡ್ಡಾಯ ಸೇವೆಯ ಅವಧಿಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಮೂವತ್ತರ ಆಸುಪಾಸಿನವರೆಗೂ ವಿದ್ಯಾರ್ಥಿಯಾಗಿರಬೇಕಾಗುತ್ತದೆ ಎಂಬುದನ್ನು ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ. ಎಂಡಿ ಮತ್ತು ಡಿಎಂ ಅವಧಿಯಲ್ಲಿ ಸ್ಟೈಪೆಂಡ್ ಬರುತ್ತದೆಯಾದರೂ ಅದರ ಮೊತ್ತ ರಾಜ್ಯದಿಂದ ರಾಜ್ಯಕ್ಕೆ, ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ.

ಹಂತ 1: ಮೂರು ವೃತ್ತಿಗಳ ವ್ಯತ್ಯಾಸ ತಿಳಿದುಕೊಳ್ಳಿ

ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಸೋಂಕಿನ ಸುತ್ತ ದುಡಿಯುವವರಲ್ಲಿ ಮೂರು ಬಗೆಯವರಿದ್ದಾರೆ. ರೋಗಿಯ ಹಾಸಿಗೆಯ ಬಳಿ ನಿಂತು ಚಿಕಿತ್ಸೆ ನಿರ್ಧರಿಸುವವರು ಸೋಂಕುರೋಗ ತಜ್ಞರು. ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಿ, ಗುರುತಿಸಿ, ಯಾವ ಔಷಧಿಗೆ ಬಗ್ಗುತ್ತದೆಂದು ವರದಿ ಕೊಡುವವರು ಸೂಕ್ಷ್ಮಜೀವಿ ತಜ್ಞರು. ಇವರ ಓದು ಎಂಡಿ ಮೈಕ್ರೋಬಯಾಲಜಿ. ಊರಿಗೆ ಊರೇ ಕಾಯಿಲೆ ಬಿದ್ದಾಗ ಮೂಲ ಹುಡುಕಿ ಹರಡುವಿಕೆಯನ್ನು ತಡೆಯುವವರು ಸಾಂಕ್ರಾಮಿಕ ರೋಗಶಾಸ್ತ್ರಜ್ಞರು, ಅಂದರೆ ಎಪಿಡೆಮಿಯಾಲಜಿಸ್ಟ್‌ಗಳು. ಇವರಲ್ಲಿ ಹೆಚ್ಚಿನವರು ಸಮುದಾಯ ವೈದ್ಯಶಾಸ್ತ್ರದ ಹಿನ್ನೆಲೆಯವರು. ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಂಥ ಕಡೆ ಇದಕ್ಕೆಂದೇ ತರಬೇತಿಯಿದೆ.

"ಬಿಎಸ್ಸಿ ಮೈಕ್ರೋಬಯಾಲಜಿ ಮಾಡಿದ್ದೇನೆ, ಸೋಂಕುರೋಗ ತಜ್ಞನಾಗಬಹುದೇ?" ಎಂದು ಕೇಳುವವರು ಬಹಳ ಮಂದಿ. ರೋಗಿಗೆ ಚಿಕಿತ್ಸೆ ನೀಡುವ ತಜ್ಞರಾಗಲು ಎಂಬಿಬಿಎಸ್ ಇಲ್ಲದೆ ದಾರಿಯಿಲ್ಲ. ಹಾಗೆಂದು ನಿಮ್ಮ ಓದು ವ್ಯರ್ಥವೆಂದು ತಿಳಿಯಬೇಡಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ನ ನರವೈರಾಣು ವಿಭಾಗ, ಮಣಿಪಾಲದ ವೈರಾಣು ಸಂಸ್ಥೆಯಂಥ ಕಡೆಗಳಲ್ಲಿ ಸಂಶೋಧಕರಾಗಿ ದುಡಿಯುವ ದಾರಿ ನಿಮಗೆ ತೆರೆದಿದೆ.

ಹಂತ 2: ಎಂಬಿಬಿಎಸ್

ಇಲ್ಲಿ ವಿಶೇಷವಾಗಿ ಹೇಳಬೇಕಾದ್ದು ಕಡಿಮೆ. ನೀಟ್ ಬರೆಯಬೇಕು, ರಾಜ್ಯದ ಕೋಟಾದ ಸೀಟುಗಳ ಹಂಚಿಕೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಯಾವ ಕಾಲೇಜಾದರೂ ನಡೆಯುತ್ತದೆ, ಆದರೆ ಎರಡನೆಯ ಹಂತದ ಓದಿನಲ್ಲಿ ಬರುವ ಸೂಕ್ಷ್ಮಜೀವಿಶಾಸ್ತ್ರ ಮತ್ತು ಔಷಧಶಾಸ್ತ್ರಗಳನ್ನು ಪರೀಕ್ಷೆಗಾಗಿ ಉರುಹೊಡೆದು ಮರೆಯಬೇಡಿ. ಮುಂದಿನ ಇಡೀ ವೃತ್ತಿ ಈ ಎರಡರ ಮೇಲೆಯೇ ನಿಂತಿದೆ. ಇಂಟರ್ನ್‌ಶಿಪ್‌ನಲ್ಲಿ ರಕ್ತ ತೆಗೆಯುವ ಕೆಲಸವನ್ನು ಬೇಸರದಿಂದ ಮಾಡುವವರೇ ಹೆಚ್ಚು. ಆ ರಕ್ತ ಎಲ್ಲಿಗೆ ಹೋಗುತ್ತದೆ, ಅಲ್ಲಿ ಅದಕ್ಕೆ ಏನು ಮಾಡುತ್ತಾರೆ ಎಂಬುದನ್ನು ಒಮ್ಮೆ ಪ್ರಯೋಗಾಲಯಕ್ಕೆ ಇಳಿದುಹೋಗಿ ನೋಡಿಬನ್ನಿ.

ಎಚ್ಚರಿಕೆ: ಕರ್ನಾಟಕದಲ್ಲಿ ವೈದ್ಯಕೀಯ ಕೋರ್ಸು ಮುಗಿಸಿದವರ ಕಡ್ಡಾಯ ಸೇವೆಗೆ 2012ರ ಕಾಯ್ದೆಯೊಂದಿದ್ದು, ಅದಕ್ಕೆ ತಿದ್ದುಪಡಿಗಳಾಗುತ್ತಾ ಬಂದಿವೆ. ನಿಮ್ಮ ಬ್ಯಾಚಿಗೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ಸೀನಿಯರ್‌ಗಳ ಬಾಯಿಮಾತಿನಿಂದ ತಿಳಿಯದೆ, ಆ ವರ್ಷದ ಸರ್ಕಾರಿ ಆದೇಶವನ್ನೇ ಓದಿ ತಿಳಿದುಕೊಳ್ಳಿ.

ಹಂತ 3: ಎಂಡಿಯಲ್ಲಿ ಯಾವ ವಿಷಯ

ನೀಟ್ ಪಿಜಿ ಬರೆದು ಎಂಡಿ ಜನರಲ್ ಮೆಡಿಸಿನ್‌ಗೆ ಸೇರುವುದೇ ನೇರವಾದ ದಾರಿ. ಮಕ್ಕಳ ಸೋಂಕುಗಳಲ್ಲಿ ಆಸಕ್ತಿಯಿದ್ದರೆ ಎಂಡಿ ಪೀಡಿಯಾಟ್ರಿಕ್ಸ್. ಬೇರೆ ಎಂಡಿ ಮಾಡಿದವರು ಅರ್ಹರೇ ಎಂಬುದು "ಫೀಡರ್ ಪಟ್ಟಿ"ಯನ್ನು ಅವಲಂಬಿಸಿದೆ. ಫೀಡರ್ ಪಟ್ಟಿ ಎಂದರೆ ಇಂಥ ಸೂಪರ್ ಸ್ಪೆಷಾಲಿಟಿಗೆ ಇಂಥ ಎಂಡಿ ಮಾಡಿದವರು ಅರ್ಜಿ ಹಾಕಬಹುದು ಎಂದು ಪ್ರತಿ ಪರೀಕ್ಷೆಯ ಮಾಹಿತಿ ಪುಸ್ತಿಕೆಯಲ್ಲಿ ಪ್ರಕಟವಾಗುವ ಪಟ್ಟಿ. ಹಳೆಯ ವರ್ಷದ ಪಟ್ಟಿಯನ್ನು ನಂಬಿ ಎಂಡಿ ವಿಷಯವನ್ನು ಆರಿಸಿಕೊಳ್ಳುವುದು ದುಬಾರಿಯಾದೀತು.

ಎಂಡಿ ಅವಧಿಯಲ್ಲಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ದುಡಿಯಬೇಕೆಂಬ ನಿಯಮವಿದೆ. ಇದಕ್ಕೆ ಜಿಲ್ಲಾ ರೆಸಿಡೆನ್ಸಿ ಎಂದು ಹೆಸರು. ಹಲವರು ಇದನ್ನು ಪರೀಕ್ಷೆಗೆ ಓದಲು ಸಿಕ್ಕ ರಜೆ ಎಂಬಂತೆ ಕಳೆಯುತ್ತಾರೆ. ಸೋಂಕುರೋಗದ ಕಡೆ ಹೋಗುವವರಿಗಂತೂ ಇಡೀ ಎಂಡಿಯಲ್ಲಿ ಇದಕ್ಕಿಂತ ಬೆಲೆಬಾಳುವ ಮೂರು ತಿಂಗಳು ಸಿಗಲಾರದು ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿಯ ಬದಿಯ ದೊಡ್ಡ ಆಸ್ಪತ್ರೆಗೆ ಬರುವ ಹೊತ್ತಿಗೆ ಜ್ವರದ ರೋಗಿ ಆಗಲೇ ಎರಡು ಮೂರು ಆ್ಯಂಟಿಬಯೋಟಿಕ್ ನುಂಗಿರುತ್ತಾನೆ. ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ದಿನದ ಜ್ವರವನ್ನು, ಅದರ ಮೂಲರೂಪದಲ್ಲಿ ನೋಡಬಹುದು.

ಹಂತ 4: ಜ್ವರದ ರೋಗಿಯನ್ನು ವಿಚಾರಿಸುವುದನ್ನು ಕಲಿಯಿರಿ

ಈ ಹಂತವನ್ನು ಯಾವ ವಿಶ್ವವಿದ್ಯಾಲಯವೂ ಪ್ರತ್ಯೇಕ ಪತ್ರಿಕೆಯಾಗಿ ಇಟ್ಟಿಲ್ಲ. ಡಿಎಂಗೆ ಸೇರಿದ ಮೇಲೆ ಕಲಿತರಾಯಿತು ಎಂದು ಮುಂದೂಡದೆ ಎಂಡಿಯ ಮೊದಲ ವರ್ಷದಲ್ಲೇ ಆರಂಭಿಸಿ.

ಕರ್ನಾಟಕದಲ್ಲಿ ದುಡಿಯುವವರಿಗೆ ಇದು ಏಕೆ ಮುಖ್ಯವೆಂದರೆ, ಇಲ್ಲಿನ ಜ್ವರಗಳಿಗೆ ಭೂಗೋಳವಿದೆ, ಋತುವಿದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದಾಗ ಪತ್ತೆಯಾದ ವೈರಸ್ ಕಾಯಿಲೆಯನ್ನು ಮಲೆನಾಡಿನವರು ಮಂಗನ ಕಾಯಿಲೆ ಎಂದೇ ಕರೆಯುತ್ತಾರೆ. ಇದು ಉಣುಗು ಕಚ್ಚುವುದರಿಂದ ಬರುತ್ತದೆ; ಚಳಿಗಾಲದಲ್ಲಿ ಆರಂಭವಾಗಿ ಬೇಸಿಗೆ ಮುಗಿಯುವವರೆಗೂ ಕಾಣಿಸಿಕೊಳ್ಳುತ್ತದೆ; ಇದಕ್ಕೆಂದೇ ಇರುವ ಔಷಧಿಯಿಲ್ಲ. ಮಳೆಗಾಲದಲ್ಲಿ ಕರಾವಳಿಯ ಗದ್ದೆಗಳಲ್ಲಿ ಇಲಿ ಜ್ವರ. ದನಕರು ಸಾಕುವವರಲ್ಲಿ, ಹಸಿ ಹಾಲು ಕುಡಿಯುವವರಲ್ಲಿ ವಾರಗಟ್ಟಲೆ ಬಂದುಹೋಗುವ ಬ್ರೂಸೆಲ್ಲೋಸಿಸ್. ಪೊದೆ, ಹುಲ್ಲುಗಾವಲುಗಳಲ್ಲಿ ಓಡಾಡುವವರಿಗೆ ನುಸಿಮರಿಯಿಂದ ಬರುವ ಸ್ಕ್ರಬ್ ಟೈಫಸ್. ಇವುಗಳಲ್ಲಿ ಹೆಚ್ಚಿನವು ಮೊದಲ ಮೂರು ನಾಲ್ಕು ದಿನ ಡೆಂಗಿಯಂತೆಯೇ ತೋರುತ್ತವೆ: ಜ್ವರ, ಮೈಕೈ ನೋವು, ತಲೆನೋವು, ಹಲವರಲ್ಲಿ ಪ್ಲೇಟ್‌ಲೆಟ್ ಇಳಿಕೆ.

ಒಂದು ಸಾಮಾನ್ಯ ಕರೆಯನ್ನು ಹತ್ತಿರದಿಂದ ನೋಡೋಣ. ಐವತ್ತು ದಾಟಿದ ಅಡಿಕೆ ತೋಟದ ಕೆಲಸಗಾರ, ಒಂಬತ್ತು ದಿನದ ಜ್ವರ, ಉಸಿರಾಟ ಸ್ವಲ್ಪ ಏರಿದೆ, ಯಕೃತ್ತಿನ ಪರೀಕ್ಷೆಯ ಅಂಕಿಗಳು ಹೆಚ್ಚಿವೆ. ಡೆಂಗಿ ಮತ್ತು ಮಲೇರಿಯಾ ಪರೀಕ್ಷೆಗಳಲ್ಲಿ ಏನೂ ಕಂಡಿಲ್ಲ, ಟೈಫಾಯಿಡ್‌ಗೆಂದು ಮಾಡುವ ವಿಡಾಲ್ ಪರೀಕ್ಷೆ "ಸ್ವಲ್ಪ ಪಾಸಿಟಿವ್" ಎಂದಿದೆ, ಮೆರೊಪೆನಮ್ ಎಂಬ ಪ್ರಬಲ ಆ್ಯಂಟಿಬಯೋಟಿಕ್ ನಾಲ್ಕು ದಿನದಿಂದ ಓಡುತ್ತಿದೆ. ಇಲ್ಲಿ ಕಡತ ತಿರುವುವ ಮುನ್ನ ಕುರ್ಚಿ ಎಳೆದುಕೊಂಡು ಕೂರಬೇಕು. "ಯಜಮಾನ್ರೇ, ಜ್ವರ ಬರೋಕೆ ಮುಂಚೆ ಕಾಡಿನ ಕಡೆ ಹೋಗಿದ್ರಾ? ಸೊಪ್ಪು ಕಡಿಯೋಕೆ, ದರಗು ಗುಡಿಸೋಕೆ? ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡ್ರಾ? ಮನೇಲಿ ಇನ್ಯಾರಿಗಾದ್ರೂ ಹೀಗೇ ಆಗಿದೆಯಾ?" ಆಮೇಲೆ ಪರದೆ ಎಳೆದು, ರೋಗಿಯ ಮೈಯನ್ನು ಬಟ್ಟೆ ಸರಿಸಿ ಪೂರ್ತಿ ನೋಡಬೇಕು: ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ, ಮಹಿಳೆಯರಲ್ಲಿ ಸ್ತನದ ಕೆಳಗಿನ ಮಡಿಕೆ. ಈ ರೋಗಿಯ ಉಡಿದಾರವನ್ನು ಬೆರಳಿನಿಂದ ಸರಿಸಿದರೆ ಅದರಡಿ ಬೀಡಿಯಿಂದ ಸುಟ್ಟಂಥ ಒಂದು ಕಪ್ಪು ಚಕ್ಕೆ, ಸುತ್ತ ಕೆಂಪು ಅಂಚು. ನೋವಿಲ್ಲ, ತುರಿಕೆಯಿಲ್ಲ, ಹಾಗಾಗಿ ರೋಗಿಯೂ ಹೇಳಿರಲಿಲ್ಲ. ಇದು ಎಸ್ಕಾರ್, ಸ್ಕ್ರಬ್ ಟೈಫಸ್‌ನ ಗುರುತು. ಮೆರೊಪೆನಮ್ ಈ ರೋಗಾಣುವಿನ ಮೇಲೆ ಕೆಲಸ ಮಾಡುವುದೇ ಇಲ್ಲ. ಅಗ್ಗದ ಡಾಕ್ಸಿಸೈಕ್ಲಿನ್ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದೊಳಗೆ ಜ್ವರ ಇಳಿಯುತ್ತದೆ.

"ಮನೆಯಲ್ಲಿ ಇನ್ಯಾರಿಗಾದರೂ?" ಎಂಬ ಪ್ರಶ್ನೆಯ ಬೆಲೆ ಎಷ್ಟೆಂಬುದಕ್ಕೆ 2018ರ ಮೇ ತಿಂಗಳ ಕೋಯಿಕ್ಕೋಡ್ ಸಾಕ್ಷಿ. ಒಂದೇ ಕುಟುಂಬದವರು ಮಿದುಳು ಜ್ವರದಿಂದ ಸಾಲಾಗಿ ಕಾಯಿಲೆ ಬಿದ್ದದ್ದನ್ನು ಅಲ್ಲಿನ ಖಾಸಗಿ ಆಸ್ಪತ್ರೆಯೊಂದರ ವೈದ್ಯರು ಗಮನಿಸಿ, ಇದು ಸಾಮಾನ್ಯದ್ದಲ್ಲವೆಂದು ಅನುಮಾನಿಸಿ ಮಣಿಪಾಲದ ವೈರಾಣು ಪ್ರಯೋಗಾಲಯಕ್ಕೆ ಮಾದರಿ ಕಳುಹಿಸಿದರು. ಅಲ್ಲಿ ನಿಪಾ ವೈರಸ್ ಪತ್ತೆಯಾಗಿ, ಪುಣೆಯ ಸಂಸ್ಥೆ ಅದನ್ನು ದೃಢಪಡಿಸಿತು. ಕೇರಳದಲ್ಲಿ ನಿಪಾ ಹಿಂದೆಂದೂ ಕಂಡಿರಲಿಲ್ಲ. ಅಂದರೆ ಪಠ್ಯದ ಯಾವ ಪಟ್ಟಿಯಲ್ಲೂ ಅದು ಮೇಲಿನ ಸಾಲಿನಲ್ಲಿರಲಿಲ್ಲ.

ಈ ಹಂತದ ತಪ್ಪುಗಳು ಎರಡು. ಒಂದು, ವಿಡಾಲ್ ಪರೀಕ್ಷೆಯನ್ನು ನಂಬಿ ಎಲ್ಲ ಜ್ವರಕ್ಕೂ ಟೈಫಾಯಿಡ್ ಎಂದು ಬರೆದುಬಿಡುವುದು. ಟೈಫಾಯಿಡ್ ಖಚಿತಪಡಿಸಿಕೊಳ್ಳಲು ರಕ್ತದ ಕಲ್ಚರ್, ಅಂದರೆ ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಬೇಕು. ಇನ್ನೊಂದು, ಜ್ವರ ಬಂದು ಎಷ್ಟನೆಯ ದಿನ ಎಂದು ನೋಡದೆ ಪರೀಕ್ಷೆ ಬರೆಯುವುದು. ಮಂಗನ ಕಾಯಿಲೆಯಲ್ಲಿ ಮೊದಲ ಕೆಲವು ದಿನ ಪಿಸಿಆರ್‌ನಲ್ಲಿ ವೈರಸ್ಸೇ ಸಿಗುತ್ತದೆ. ಪ್ರತಿಕಾಯಗಳನ್ನು ಹುಡುಕುವ ಐಜಿಎಂ ಪರೀಕ್ಷೆಗೆ ಅರ್ಥ ಬರುವುದು ಆನಂತರ. ದಿನ ತಪ್ಪಿದರೆ ಸರಿಯಾದ ಪರೀಕ್ಷೆಯೂ ಸುಳ್ಳು ಹೇಳುತ್ತದೆ.

ಹಂತ 5: ಸೂಪರ್ ಸ್ಪೆಷಾಲಿಟಿ ಪ್ರವೇಶ

ಎಂಡಿ ಮುಗಿಸಿದ ಮೇಲೆ ಎರಡು ಬಾಗಿಲುಗಳಿವೆ. ರಾಷ್ಟ್ರೀಯ ಪರೀಕ್ಷಾ ಮಂಡಳಿ ನಡೆಸುವ ನೀಟ್ ಎಸ್‌ಎಸ್ ಮೊದಲನೆಯದು. ಇದರ ಮೂಲಕ ಡಿಎಂ ಮತ್ತು ಡಿಆರ್‌ಎನ್‌ಬಿ ಎರಡಕ್ಕೂ ಸೀಟು ಸಿಗುತ್ತದೆ. ಡಿಎಂ ವಿಶ್ವವಿದ್ಯಾಲಯ ನೀಡುವ ಪದವಿ, ಡಿಆರ್‌ಎನ್‌ಬಿ ಪರೀಕ್ಷಾ ಮಂಡಳಿಯೇ ನೀಡುವ ಪದವಿ. ಅವಧಿ ಎರಡಕ್ಕೂ ಮೂರು ವರ್ಷ. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್ಮರ್‌ನಂಥ ರಾಷ್ಟ್ರೀಯ ಸಂಸ್ಥೆಗಳಿಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆ. ಅದರಲ್ಲಿ ಕಂಪ್ಯೂಟರ್ ಪರೀಕ್ಷೆಯ ನಂತರ ವಿಭಾಗದವರೇ ನಡೆಸುವ ಎರಡನೆಯ ಸುತ್ತೂ ಇರುತ್ತದೆ.

ನೀಟ್ ಎಸ್‌ಎಸ್‌ನಲ್ಲಿ ಸೋಂಕುರೋಗಕ್ಕೆಂದು ಪ್ರತ್ಯೇಕ ಪತ್ರಿಕೆಯಿಲ್ಲ. ಮೆಡಿಸಿನ್ ಗುಂಪಿನ ಎಲ್ಲರೂ ಬರೆಯುವುದು ಒಂದೇ ಪತ್ರಿಕೆ. ರ‍್ಯಾಂಕ್ ಬಂದ ಮೇಲೆ ಹೃದ್ರೋಗ, ಜಠರ-ಕರುಳು, ನರರೋಗ, ಸೋಂಕುರೋಗ ಇವುಗಳಲ್ಲಿ ಆಯ್ಕೆ. ಹೀಗಾಗಿ ಸೋಂಕುಗಳ ಅಧ್ಯಾಯವನ್ನಷ್ಟೇ ಅರೆದು ಕುಡಿದವರಿಗೆ ಈ ಪರೀಕ್ಷೆ ದಕ್ಕುವುದಿಲ್ಲ. ಹೃದ್ರೋಗದಂಥ ವಿಭಾಗಗಳ ಸೀಟುಗಳು ಮೊದಲು ತುಂಬುತ್ತವೆಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ಕಾರಣಕ್ಕೆ, ಬೇಕಾದ್ದು ಸಿಗದೆ, ಇದಾದರೂ ಇರಲಿ ಎಂದು ಈ ಸೀಟು ಹಿಡಿಯುವವರೂ ಇದ್ದಾರೆ. ಅಂಥವರು ಒಂದು ಮಾತನ್ನು ನೆನಪಿಡಬೇಕು: ನಡುವೆ ಸೀಟು ಬಿಟ್ಟರೆ ದೊಡ್ಡ ಮೊತ್ತದ ದಂಡ, ಮುಂದಿನ ಪರೀಕ್ಷೆಗೆ ಕೂರಲು ನಿರ್ಬಂಧ, ಕೋರ್ಸಿನ ನಂತರ ಇಂತಿಷ್ಟು ಕಾಲ ದುಡಿಯಲೇಬೇಕೆಂಬ ಸೇವಾ ಬಾಂಡ್, ಇವೆಲ್ಲ ರಾಜ್ಯಕ್ಕೆ, ಸಂಸ್ಥೆಗೆ ತಕ್ಕಂತೆ ಇರುತ್ತವೆ. ಆಯ್ಕೆ ಪಟ್ಟಿಯನ್ನು ಲಾಕ್ ಮಾಡುವ ಮೊದಲೇ ಪ್ರತಿ ಕಾಲೇಜಿನ ಬಾಂಡ್ ಷರತ್ತನ್ನು ಓದಿಕೊಳ್ಳಿ.

ಹಂತ 6: ತರಬೇತಿಯ ಕೇಂದ್ರವನ್ನು ಆರಿಸುವುದು

ಹೆಸರಿಗಿಂತ ಪ್ರಯೋಗಾಲಯ ನೋಡಿ ಆರಿಸಿ ಎಂಬುದೇ ನನ್ನ ಸಲಹೆ. ದೆಹಲಿಯ ಏಮ್ಸ್, ಚಂಡೀಗಢದ ಪಿಜಿಐ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಕ್ಷೇತ್ರದಲ್ಲಿ ಹೆಸರಾದವು. ನಮ್ಮಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಸೋಂಕುರೋಗಗಳಿಗೆ ಪ್ರತ್ಯೇಕ ವಿಭಾಗವಿದೆ. ಯಾವ ಕೇಂದ್ರದಲ್ಲಿ ಎಷ್ಟು ಸೀಟು ಎಂಬುದು ವರ್ಷವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಸೀಟು ಪಟ್ಟಿಯನ್ನೇ ನೋಡಬೇಕು.

ಆಯ್ಕೆಗೆ ಮುನ್ನ ಅಲ್ಲಿ ಓದುತ್ತಿರುವವರಿಗೆ ಫೋನ್ ಮಾಡಿ ಕೇಳಿ. ರಾತ್ರಿ ಹನ್ನೊಂದಕ್ಕೆ ಕಲ್ಚರ್ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಬೆಳೆದದ್ದು ಗೊತ್ತಾದರೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಗ್ರಾಂ ಸ್ಟೇನ್ ವರದಿ ಆಗಲೇ ಬರುತ್ತದೆಯೇ, ಬೆಳಗ್ಗೆವರೆಗೆ ಕಾಯಬೇಕೇ? ಸೂಕ್ಷ್ಮಜೀವಿ ತಜ್ಞರ ಜೊತೆ ಪ್ರತಿದಿನ ಕೂತು ವರದಿ ನೋಡುವ ರೂಢಿಯಿದೆಯೇ? ಕಸಿ ವಿಭಾಗ, ಕ್ಯಾನ್ಸರ್ ವಿಭಾಗ, ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರ ಇವೆಯೇ? ಶಸ್ತ್ರಚಿಕಿತ್ಸಕರು ಸೋಂಕು ವಿಭಾಗದವರ ಮಾತಿಗೆ ಬೆಲೆ ಕೊಡುತ್ತಾರೆಯೇ, ಅವರ ಟಿಪ್ಪಣಿ ಕಡತದಲ್ಲೇ ಉಳಿದುಬಿಡುತ್ತದೆಯೇ? ಕೊನೆಯ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಮೂರು ವರ್ಷದ ಕಲಿಕೆಯ ಗುಣಮಟ್ಟ ಅಡಗಿದೆ.

ಹಂತ 7: ಡಿಎಂನ ಮೂರು ವರ್ಷದಲ್ಲಿ ಕಲಿಯಬೇಕಾದ್ದು

ಮೊದಲನೆಯದು ಕಲ್ಚರ್. ರೋಗಿಯ ರಕ್ತ, ಮೂತ್ರ ಅಥವಾ ಕೀವಿನಲ್ಲಿರುವ ರೋಗಾಣುವನ್ನು ಬೆಳೆಸಿ ಗುರುತಿಸುವ ಪರೀಕ್ಷೆಯಿದು. ಜೊತೆಗೆ ಬರುವ ಸೆನ್ಸಿಟಿವಿಟಿ ವರದಿ ಯಾವ ಔಷಧಿ ನಾಟುತ್ತದೆ ಎಂದು ತಿಳಿಸುತ್ತದೆ. ಇಡೀ ಚಿಕಿತ್ಸೆ ನಿಲ್ಲುವುದು ಮಾದರಿ ತೆಗೆದ ಕ್ಷಣದ ಶಿಸ್ತಿನ ಮೇಲೆ. ಆ್ಯಂಟಿಬಯೋಟಿಕ್‌ನ ಮೊದಲ ಡೋಸಿಗೆ ಮುನ್ನವೇ ರಕ್ತ ತೆಗೆಯಬೇಕು. ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾಣುವ ರಬ್ಬರಿನ ಮೇಲ್ಭಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಅದು ಆರುವವರೆಗೆ ಕಾಯಬೇಕು. ವಯಸ್ಕರಲ್ಲಿ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ, ಎರಡು ಬೇರೆ ಬೇರೆ ಜಾಗದಿಂದ ಎರಡು ಸೆಟ್. ಮೂರು ಮಿ.ಲೀ. ಹಾಕಿ "ಕಲ್ಚರ್ ಕಳಿಸಿದ್ದೇವೆ" ಎಂದು ಬರೆಯುವುದು ಎಲ್ಲೆಡೆ ಕಾಣುವ ಲೋಪ. ರಕ್ತ ಕಡಿಮೆಯಾದಷ್ಟೂ ರೋಗಾಣು ಸಿಗುವ ಸಂಭವ ಕಡಿಮೆ. ಬ್ರೂಸೆಲ್ಲಾ ಅನುಮಾನವಿದ್ದರೆ ಅರ್ಜಿಯಲ್ಲಿ ಬರೆದು ಫೋನ್ ಕೂಡ ಮಾಡಿ. ಆ ರೋಗಾಣು ಪ್ರಯೋಗಾಲಯದ ಸಿಬ್ಬಂದಿಗೇ ತಗಲಬಲ್ಲದು.

ಎರಡನೆಯದು ವರದಿಯನ್ನು ಅನುಮಾನಿಸುವುದು. ಮಳೆಗಾಲ, ಕರಾವಳಿ, ಮಧುಮೇಹವಿರುವ ಕೃಷಿಕ, ಗುಲ್ಮದಲ್ಲಿ ಕೀವುಗಡ್ಡೆಗಳು. ಕಲ್ಚರ್ ವರದಿ "ಸ್ಯೂಡೋಮೊನಾಸ್ ಪ್ರಭೇದ" ಎನ್ನುತ್ತದೆ. ಇಲ್ಲಿ ಸುಮ್ಮನಾಗದೆ ಪ್ರಯೋಗಾಲಯಕ್ಕೆ ಹೋಗಿ, ಇದು ಮೆಲಿಯಾಯ್ಡೋಸಿಸ್ ಉಂಟುಮಾಡುವ ಬರ್ಕ್‌ಹೋಲ್ಡೇರಿಯಾ ಆಗಿರಬಹುದೇ ಎಂದು ಕೇಳಬೇಕು. ಮಣ್ಣು, ನೀರಿನಲ್ಲಿರುವ ಈ ಬ್ಯಾಕ್ಟೀರಿಯಾವನ್ನು ಹಾಗೆ ತಪ್ಪಾಗಿ ಗುರುತಿಸುವುದು ಅಪರೂಪವೇನಲ್ಲ. ಇದರ ಚಿಕಿತ್ಸೆಯೇ ಬೇರೆ: ಕನಿಷ್ಠ 10ರಿಂದ 14 ದಿನ ರಕ್ತನಾಳದ ಮೂಲಕ ಸೆಫ್ಟಾಜಿಡೀಮ್ ಅಥವಾ ಮೆರೊಪೆನಮ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ. ಹತ್ತು ದಿನಕ್ಕೆ ಎಲ್ಲವನ್ನೂ ನಿಲ್ಲಿಸಿ ಮನೆಗೆ ಕಳಿಸಿದರೆ ಕಾಯಿಲೆ ಮರುಕಳಿಸುತ್ತದೆ.

ಮೂರನೆಯದು, ಎಲ್ಲಕ್ಕಿಂತ ಕಷ್ಟವಾದದ್ದು, ಆ್ಯಂಟಿಬಯೋಟಿಕ್ ಸ್ಟೀವರ್ಡ್‌ಶಿಪ್. ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಅವಧಿ ಎಂಬ ಶಿಸ್ತನ್ನು ಇಡೀ ಆಸ್ಪತ್ರೆ ಪಾಲಿಸುವಂತೆ ನೋಡಿಕೊಳ್ಳುವ ಕೆಲಸವಿದು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆ್ಯಂಟಿಬಯೋಟಿಕ್‌ಗಳನ್ನು ಮೂರು ಗುಂಪು ಮಾಡಿತು: ಸಾಮಾನ್ಯ ಬಳಕೆಯವು, ಎಚ್ಚರದಿಂದ ಬಳಸಬೇಕಾದವು, ಕೊನೆಯ ಅಸ್ತ್ರವಾಗಿ ಕಾಯ್ದಿರಿಸಬೇಕಾದವು. ನಮ್ಮ ದೇಶದಲ್ಲಿ 2014ರಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪ್ರಕಾರ ಹಲವು ಪ್ರಬಲ ಆ್ಯಂಟಿಬಯೋಟಿಕ್‌ಗಳನ್ನು ಮಾರುವಾಗ ಔಷಧಿ ಅಂಗಡಿಯವರು ವೈದ್ಯರ ಮತ್ತು ರೋಗಿಯ ಹೆಸರು ಬರೆದಿಡಬೇಕು. ನಿಯಮಗಳೇನೋ ಇವೆ. ವಾರ್ಡಿನಲ್ಲಿ ಅವನ್ನು ಜಾರಿಗೆ ತರುವುದೆಂದರೆ, ನಿಮಗಿಂತ ಇಪ್ಪತ್ತು ವರ್ಷ ಹಿರಿಯರಾದ ಶಸ್ತ್ರಚಿಕಿತ್ಸಕರ ರೋಗಿಗೆ ಓಡುತ್ತಿರುವ ಎರಡು ಔಷಧಿಗಳಲ್ಲಿ ಒಂದು ಬೇಡವೆಂದು ಹೇಳುವುದು.

ಹೇಳುವ ರೀತಿಯನ್ನೂ ಕಲಿಯಬೇಕು. ಕಡತದಲ್ಲಿ "ತಪ್ಪು ಔಷಧಿ" ಎಂದು ಬರೆದು ಹೊರಟುಹೋಗುವವರ ಮಾತನ್ನು ಎರಡನೆಯ ಸಲ ಯಾರೂ ಕೇಳುವುದಿಲ್ಲ. ನೇರವಾಗಿ ಭೇಟಿಯಾಗಿ, "ಸರ್, ಕಲ್ಚರ್‌ನಲ್ಲಿ ಬಂದಿರುವ ಬ್ಯಾಕ್ಟೀರಿಯಾ ಸೆಫಜೊಲಿನ್‌ಗೆ ಬಗ್ಗುತ್ತದೆ, ಅದಕ್ಕೆ ಇಳಿಸೋಣವೇ? ನಾಳೆ ಬೆಳಗ್ಗೆ ನಾನೇ ಬಂದು ಮತ್ತೆ ನೋಡುತ್ತೇನೆ" ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ವಿಸ್ತಾರವಾದ ಔಷಧಿಯಿಂದ ಕಿರಿದಾದದ್ದಕ್ಕೆ ಇಳಿಯುವ ಇದಕ್ಕೆ ಡಿ-ಎಸ್ಕಲೇಶನ್ ಎನ್ನುತ್ತಾರೆ. ಮಾತಿನ ಕೊನೆಯ ಅರ್ಧವನ್ನು ಮರೆಯಬಾರದು. ಮರುದಿನ ನೀವು ಹೋಗದಿದ್ದರೆ ಔಷಧಿ ತಾನಾಗಿಯೇ ಹಿಂದಿನದಕ್ಕೆ ಮರಳಿರುತ್ತದೆ. ಹಾಗೆಯೇ, ಯಾವ ತೊಂದರೆಯೂ ಇಲ್ಲದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ಚಿಕಿತ್ಸೆ ಆರಂಭಿಸುವುದನ್ನು ತಡೆಯುವುದೂ ನಿಮ್ಮ ನಿತ್ಯದ ಕೆಲಸವಾಗುತ್ತದೆ; ಗರ್ಭಿಣಿಯರು ಹಾಗೂ ಮೂತ್ರನಾಳದ ಶಸ್ತ್ರಕ್ರಿಯೆಗೆ ಹೊರಟವರು ಇದಕ್ಕೆ ಮುಖ್ಯ ಅಪವಾದಗಳು.

ಸ್ಟೀವರ್ಡ್‌ಶಿಪ್ ಎಂದರೆ ಬರೀ ನಿಲ್ಲಿಸುವುದೆಂದು ತಿಳಿದರೆ ಅದೂ ತಪ್ಪೇ. ರಕ್ತದಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬೆಳೆದ ರೋಗಿಗೆ ಐದೇ ದಿನ ಔಷಧಿ ಕೊಟ್ಟು ಮನೆಗೆ ಕಳಿಸಹೊರಟರೆ ತಡೆಯಬೇಕಾದವರೂ ನೀವೇ. ಅಲ್ಲಿ ಕನಿಷ್ಠ ಎರಡು ವಾರ ಚಿಕಿತ್ಸೆ ಬೇಕು, ಹೃದಯದ ಎಕೋ ಬೇಕು, ರಕ್ತ ಶುದ್ಧವಾಗುವವರೆಗೆ ಮತ್ತೆ ಮತ್ತೆ ಕಲ್ಚರ್ ಬೇಕು.

ಕಾನೂನಿನ ಎರಡು ಸಂಗತಿಗಳೂ ತಿಳಿದಿರಲಿ. ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ವರದಿ ಮಾಡುವುದು 2012ರಿಂದ ಖಾಸಗಿ ವೈದ್ಯರಿಗೂ ಕಡ್ಡಾಯ. ಎಚ್‌ಐವಿ ವಿಷಯದಲ್ಲಿ ಹೆಚ್ಚು ಜಾಗರೂಕತೆ ಬೇಕು: 2017ರ ಕಾಯ್ದೆಯಂತೆ ಪರೀಕ್ಷೆಗೆ ರೋಗಿಯ ತಿಳಿವಳಿಕೆಯುಳ್ಳ ಒಪ್ಪಿಗೆ ಪಡೆಯಬೇಕು, ಫಲಿತಾಂಶವನ್ನು ಗೋಪ್ಯವಾಗಿಡಬೇಕು. ಹಾಸಿಗೆಯ ತಲೆದಿಸೆಯಲ್ಲಿ ಎಲ್ಲರಿಗೂ ಕಾಣುವಂತೆ ಬರೆದ ಚೀಟಿಯನ್ನು ಕಂಡರೆ ತೆಗೆಸಿ.

ಹಂತ 8: ನಿಮ್ಮ ಸ್ವಂತ ರಕ್ಷಣೆ

"ಈ ಕೆಲಸ ಅಪಾಯವಲ್ಲವೇ?" ಎಂಬುದು ತಾಯಂದಿರ ಪ್ರಶ್ನೆ. ಅಪಾಯವಿದೆ, ಹೆಚ್ಚಿನದನ್ನು ತಡೆಯಬಹುದು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್‌ಗಳನ್ನು ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಪಡೆದು, ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಪ್ರತಿಕಾಯದ ಮಟ್ಟ 10 mIU/mLಗಿಂತ ಮೇಲಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಲಸಿಕೆ ಪಡೆದು ಮಟ್ಟ ನೋಡದೆ ಬಿಡುವವರೇ ಜಾಸ್ತಿ. ಕ್ಷಯದ ವಾರ್ಡಿಗೆ ಸರ್ಜಿಕಲ್ ಮಾಸ್ಕ್ ಸಾಲದು, ಎನ್95 ಬೇಕು. ಸೂಜಿ ಚುಚ್ಚಿಕೊಂಡರೆ ನಾಚಿಕೆಪಟ್ಟು ಮುಚ್ಚಿಡಬೇಡಿ: ಜಾಗವನ್ನು ಸೋಪು ನೀರಿನಿಂದ ತೊಳೆದು ಕೂಡಲೇ ವರದಿ ಮಾಡಿ. ಎಚ್‌ಐವಿ ತಡೆಯುವ ಪಿಇಪಿ ಔಷಧಿ, ಅಂದರೆ ಸಂಪರ್ಕವಾದ ಮೇಲೆ ಸೋಂಕು ಅಂಟದಂತೆ ನುಂಗುವ ಮಾತ್ರೆ, ಎಷ್ಟು ಬೇಗ ಆರಂಭಿಸಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಅವಧಿ 28 ದಿನ.

ಹಂತ 9: ವಿದೇಶದ ಯೋಚನೆ ಇದ್ದರೆ

ಅಮೆರಿಕಕ್ಕೆ ಹೋಗುವವರು ಅಲ್ಲಿನ ವೈದ್ಯ ಪರವಾನಗಿಯ ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನು ಬರೆದು, ಅಲ್ಲಿ 3 ವರ್ಷ ಇಂಟರ್ನಲ್ ಮೆಡಿಸಿನ್ ಮುಗಿಸಿ, ಆಮೇಲೆ 2 ವರ್ಷ ಸೋಂಕುರೋಗದ ಫೆಲೋಶಿಪ್ ಮಾಡಬೇಕು. ಇಲ್ಲಿನ ಎಂಡಿ ಇದ್ದರೂ ಸಾಮಾನ್ಯವಾಗಿ ರೆಸಿಡೆನ್ಸಿಯನ್ನು ಮೊದಲಿನಿಂದಲೇ ಮಾಡಬೇಕಾಗುತ್ತದೆ. ಆದ್ದರಿಂದ ಹೋಗುವುದೇ ನಿಶ್ಚಯವಾದರೆ ಎಂಬಿಬಿಎಸ್ ಮುಗಿದ ಕೂಡಲೇ ಹೋಗುವುದು ಕಾಲದ ಉಳಿತಾಯ. ಬ್ರಿಟನ್ನಿಗೆ ಅಲ್ಲಿನ ವೈದ್ಯರ ರಾಯಲ್ ಕಾಲೇಜುಗಳು ನಡೆಸುವ ಎಂಆರ್‌ಸಿಪಿ ಪರೀಕ್ಷೆಯ ದಾರಿಯಿದೆ. ಅಲ್ಲಿ ಸೋಂಕುರೋಗ ಮತ್ತು ಸೂಕ್ಷ್ಮಜೀವಿಶಾಸ್ತ್ರಗಳ ತರಬೇತಿಯ ಆರಂಭಿಕ ಭಾಗ ಒಟ್ಟಿಗೇ ನಡೆಯುತ್ತದೆ. ಪೂರ್ತಿ ತರಬೇತಿ ಬೇಡ, ಉಷ್ಣವಲಯದ ಕಾಯಿಲೆಗಳ ಬಗ್ಗೆ ಕೆಲವು ತಿಂಗಳ ಓದು ಸಾಕು ಎನ್ನುವವರಿಗೆ ಲಂಡನ್ ಮತ್ತು ಲಿವರ್‌ಪೂಲ್‌ನ ಟ್ರಾಪಿಕಲ್ ಮೆಡಿಸಿನ್ ಶಾಲೆಗಳ ಡಿಪ್ಲೊಮಾ ಇದೆ. ಆದರೆ ಕಿರು ಅವಧಿಯ ಡಿಪ್ಲೊಮಾ, ಸರ್ಟಿಫಿಕೇಟ್‌ಗಳು ಡಿಎಂಗೆ ಸಮವಲ್ಲ. ಅವನ್ನು ತೋರಿಸಿ ತಜ್ಞರೆಂದು ಫಲಕ ಹಾಕಿಕೊಳ್ಳುವಂತಿಲ್ಲ.

ಹಂತ 10: ಮೊದಲ ಕೆಲಸ

ಡಿಎಂ ಮುಗಿದ ಮೇಲೆ ಆ ಪದವಿಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಿ; ಇದನ್ನು ಮಾಡದೆ ಪದವಿಯನ್ನು ಔಷಧಿ ಚೀಟಿಯ ಮೇಲೆ ಮುದ್ರಿಸಬೇಡಿ. ಕೆಲಸಗಳು ಹೆಚ್ಚಾಗಿ ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಕಸಿ ಮತ್ತು ಕ್ಯಾನ್ಸರ್ ಕೇಂದ್ರಗಳಲ್ಲಿ, ವೈದ್ಯಕೀಯ ಕಾಲೇಜುಗಳಲ್ಲಿ ಇವೆ. ಎರಡನೆಯ ಸಾಲಿನ ನಗರಗಳಲ್ಲಿ ಅವಶ್ಯಕತೆ ಇದ್ದರೂ ಹುದ್ದೆ ಸೃಷ್ಟಿಯಾಗಿರುವುದು ಕಡಿಮೆ. ಅಂಥ ಊರುಗಳಲ್ಲಿ ಜನರಲ್ ಮೆಡಿಸಿನ್ ಹೊರರೋಗಿ ವಿಭಾಗವನ್ನೂ ನೋಡಿಕೊಂಡು ಸೋಂಕುರೋಗದ ಕರೆಗಳನ್ನು ನಿಧಾನವಾಗಿ ಬೆಳೆಸಿಕೊಳ್ಳಬೇಕಾಗುತ್ತದೆ.

ಆದಾಯದ ವಿಷಯದಲ್ಲಿ ಮುಚ್ಚುಮರೆ ಬೇಡ. ಆಸ್ಪತ್ರೆಯ ಲೆಕ್ಕಪುಸ್ತಕದಲ್ಲಿ ಹಣ ತರುವುದು ಶಸ್ತ್ರಚಿಕಿತ್ಸೆ, ಸ್ಟೆಂಟ್, ಎಂಡೋಸ್ಕೋಪಿಯಂಥ ಪ್ರೊಸೀಜರ್‌ಗಳು. ನೀವು ಮಾಡುವುದು ಸಲಹೆ. ನಿಮ್ಮಿಂದ ರೋಗಿ ಐಸಿಯುವಿನಿಂದ ಮೂರು ದಿನ ಮೊದಲು ಹೊರಬಂದರೆ, ದುಬಾರಿ ಔಷಧಿಯೊಂದು ನಿಂತರೆ, ಆ ಉಳಿತಾಯ ಯಾವ ಬಿಲ್ಲಿನಲ್ಲೂ ನಿಮ್ಮ ಹೆಸರಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಸಂಬಳವನ್ನು ಕನ್ಸಲ್ಟೇಶನ್ ಸಂಖ್ಯೆಗೆ ಮಾತ್ರ ಕಟ್ಟುವ ಒಪ್ಪಂದಕ್ಕೆ ಸಹಿ ಹಾಕಬೇಡಿ. ಆಸ್ಪತ್ರೆಯ ಗುಣಮಟ್ಟದ ಮಾನ್ಯತೆಗೆ ಸೋಂಕು ನಿಯಂತ್ರಣ ಸಮಿತಿ, ಆ್ಯಂಟಿಬಯೋಟಿಕ್ ನೀತಿ ಬೇಕೇ ಬೇಕು, ಅವನ್ನು ನಡೆಸುವವರು ನೀವೇ ಆಗಿರುತ್ತೀರಿ. ಆ ಕೆಲಸಕ್ಕೆಂದು ವಾರದಲ್ಲಿ ಇಂತಿಷ್ಟು ಗಂಟೆ ಹಾಗೂ ಅದಕ್ಕೆ ನಿಗದಿತ ಸಂಭಾವನೆ, ಸೋಂಕು ನಿಯಂತ್ರಣಕ್ಕೆಂದೇ ಮೀಸಲಾದ ನರ್ಸ್, ಪ್ರಯೋಗಾಲಯದ ವರದಿ ನೇರವಾಗಿ ನಿಮಗೆ ಬರುವ ವ್ಯವಸ್ಥೆ, ರಜೆಯಲ್ಲಿದ್ದಾಗ ಕರೆಗಳನ್ನು ಯಾರು ನೋಡುತ್ತಾರೆ ಎಂಬ ಸ್ಪಷ್ಟತೆ, ಇಷ್ಟೂ ನೇಮಕಾತಿ ಪತ್ರದಲ್ಲೇ ಬರವಣಿಗೆಯಲ್ಲಿರಲಿ. "ಬಂದು ಸೇರಿ ಸರ್, ಆಮೇಲೆ ನೋಡೋಣ" ಎನ್ನುವ ಕಡೆ ಆ ಪತ್ರ ಕೈಸೇರುವವರೆಗೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.